ಸೈಬರ್ ಅಪರಾಧ: ಯಾವ ಕೃತ್ಯಕ್ಕೆ ಯಾವ ಕಲಂ?

ಪ್ರಶ್ನೆ: ಕೆಲಸ ಬಿಟ್ಟ ಅಕೌಂಟೆಂಟ್ ದೂರದಿಂದಲೇ ಹಳೆಯ ಪಾಸ್‌ವರ್ಡ್ ಹಾಕಿ ಅಂಗಡಿಯ ಲೆಕ್ಕದ ಫೈಲುಗಳನ್ನು ಅಳಿಸಿದ್ದಾನೆ. ಪಾಸ್‌ವರ್ಡ್ ನಾವೇ ಕೊಟ್ಟದ್ದು. ಇದು ಅಪರಾಧವೇ?

ಉತ್ತರ: ಹೌದು. ನೀವು ಅನುಮತಿ ಕೊಟ್ಟದ್ದು ಕೆಲಸದಲ್ಲಿ ಇರುವಷ್ಟು ದಿನಕ್ಕೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಕಲಮಿನಡಿ ಅನುಮತಿಯಿಲ್ಲದೆ ಒಳಹೊಕ್ಕರೂ, ಡೇಟಾ ಅಳಿಸಿದರೂ ನಷ್ಟ ತುಂಬಿಕೊಡಬೇಕು, ಅಷ್ಟೆ. ಅದನ್ನೇ ಅಪ್ರಾಮಾಣಿಕ ಉದ್ದೇಶದಿಂದ ಮಾಡಿದ್ದರೆ 66ನೇ ಕಲಂ ಬೀಳುತ್ತದೆ: 3 ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ವಕೀಲರು ಜಗ್ಗಾಡುವುದು ಈ ಉದ್ದೇಶದ ಮೇಲೆಯೇ. ಹಾಗಾಗಿ ಸಂಬಳದ ಜಗಳದ ಮೆಸೇಜುಗಳಿದ್ದರೆ ಅಳಿಸದೆ ಇಟ್ಟುಕೊಳ್ಳಿ.

ಆ ಕಂಪ್ಯೂಟರನ್ನು ಬಳಸಬೇಡಿ. ಅಳಿಸಿದ ಫೈಲಿನ ಜಾಗ ಖಾಲಿ ಎಂದು ಗುರುತಾಗಿರುತ್ತದೆ, ಅದರ ಮೇಲೆ ಹೊಸದು ಬರೆದುಕೊಂಡರೆ ಹಳೆಯದು ಸಿಗುವುದಿಲ್ಲ. ಡಿಸ್ಕ್ ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಡೇಟಾ ಇಡುವ ಬಗೆ) ಆದರೆ ಆಸೆ ಇನ್ನೂ ಕಡಿಮೆ. ರಿಪೇರಿಯವರು ‘ಫಾರ್ಮ್ಯಾಟ್ ಮಾಡಿಬಿಡೋಣ’ ಎಂದರೆ ಒಪ್ಪಬೇಡಿ. ಡಿಸ್ಕಿನ ಪೂರ್ತಿ ಪ್ರತಿ ತೆಗೆಸಿ, ಹ್ಯಾಶ್ ಮೌಲ್ಯ (ಪ್ರತಿ ಬದಲಾಗಿಲ್ಲವೆಂದು ತೋರಿಸುವ, ಡೇಟಾದಿಂದಲೇ ಲೆಕ್ಕ ಹಾಕಿದ ಸಂಕೇತ) ಬರೆಸಿಟ್ಟುಕೊಳ್ಳಿ. ಡಿಜಿಟಲ್ ಸಾಕ್ಷ್ಯವನ್ನು ಕೋರ್ಟಿಗೆ ಕೊಡುವಾಗ ಬೇಕಾಗುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರಕ್ಕೆ ಅದು ಬೇಕು. ವಿಂಡೋಸ್‌ನ ಸೆಕ್ಯುರಿಟಿ ಲಾಗ್‌ನಲ್ಲಿ 4624 ಸಂಖ್ಯೆಯ ನಮೂದುಗಳನ್ನು ನೋಡಿಸಿ. ಲಾಗಿನ್ ಆದ ಹೊತ್ತು ಅಲ್ಲಿರುತ್ತದೆ, ರಿಮೋಟ್ ಡೆಸ್ಕ್‌ಟಾಪ್‌ನಿಂದ ಬಂದಿದ್ದರೆ ಸಾಮಾನ್ಯವಾಗಿ ಐಪಿ ವಿಳಾಸವೂ ಸಿಗುತ್ತದೆ. ಈ ಲಾಗ್‌ನ ಮಿತಿ ಸಾಮಾನ್ಯವಾಗಿ 20 ಎಂಬಿ. ತುಂಬಿದರೆ ಹಳೆಯ ನಮೂದು ಅಳಿಯುತ್ತದೆ, ತಡ ಮಾಡಿದವರು ಕಳೆದುಕೊಳ್ಳುವುದು ಇದನ್ನೇ.

ದೂರು ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ. ಇನ್‌ಸ್ಪೆಕ್ಟರ್‌ಗಿಂತ ಕೆಳಗಿನವರು ಇದರ ತನಿಖೆ ಮಾಡುವಂತಿಲ್ಲ. 5 ಕೋಟಿಯವರೆಗಿನ ನಷ್ಟ ಪರಿಹಾರಕ್ಕೆ ಬೇರೆಯೇ ಅರ್ಜಿ, ಅದನ್ನು ನಿರ್ಣಯಾಧಿಕಾರಿಯಾಗಿರುವ ರಾಜ್ಯದ ಐಟಿ ಕಾರ್ಯದರ್ಶಿಗೆ ಕೊಡಬೇಕು.

ಪ್ರಶ್ನೆ: ಬ್ಯಾಂಕಿನವರೆಂದು ನಂಬಿ ಒಟಿಪಿ ಹೇಳಿದೆ, ಹಣ ಹೋಯಿತು. ಬ್ಯಾಂಕ್ ಹ್ಯಾಕ್ ಆಗಿದೆಯೇ?

ಉತ್ತರ: ಇಲ್ಲ. ಮೇಲಿನ ಪ್ರಕರಣದಲ್ಲಿ ಕಂಪ್ಯೂಟರೇ ಗುರಿ, ನಿಮ್ಮದರಲ್ಲಿ ಅದು ಬರೀ ಸಾಧನ. ಸೋಗು ಹಾಕಿ ವಂಚಿಸಿದ್ದಕ್ಕೆ ಅದೇ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ, ಜೊತೆಗೆ ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318(4). ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ವಹಿವಾಟಿನ ಸಂಖ್ಯೆ ಕೈಯಲ್ಲಿರಲಿ. ಹಣ ಇನ್ನೊಂದು ಖಾತೆಗೆ ಜಾರುವ ಮುನ್ನ ತಡೆಹಿಡಿಯಲು ಸಾಧ್ಯ. ಬ್ಯಾಂಕಿಗೂ ಕೂಡಲೇ ತಿಳಿಸಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ ಗುಟ್ಟು ನೀವೇ ಬಿಟ್ಟುಕೊಟ್ಟಿದ್ದರೆ, ತಿಳಿಸುವ ಮುಂಚಿನ ನಷ್ಟ ನಿಮ್ಮದು, ಆಮೇಲಿನದು ಬ್ಯಾಂಕಿನದು.

ಪ್ರಶ್ನೆ: ನನ್ನ ಫೋಟೊ ಹಾಕಿ ನಕಲಿ ಖಾತೆ ತೆರೆದು ಗೆಳೆಯರ ಬಳಿ ಸಾಲ ಕೇಳುತ್ತಿದ್ದಾರೆ.

ಉತ್ತರ: ಇದೂ 66ಡಿ. ರಿಪೋರ್ಟ್ ಮಾಡುವ ಮೊದಲು ಆ ಖಾತೆಯ ಪೂರ್ತಿ ಯುಆರ್‌ಎಲ್ ಬರೆದುಕೊಳ್ಳಿ. ಖಾತೆ ಮುಚ್ಚಿದ ಮೇಲೆ ಬರೀ ಸ್ಕ್ರೀನ್‌ಶಾಟ್‌ನಲ್ಲಿರುವ ಹೆಸರು ಹಿಡಿದು ಹುಡುಕುವುದು ಪೊಲೀಸರಿಗೂ ಕಷ್ಟ.