ಶೀಟಿಗೆ ಹಾಕಿದ್ದು ಬೀಗವಲ್ಲ, ಚಿಲಕ

ಪ್ರಶ್ನೆ: ಮಕ್ಕಳ ಗಣಿತ ಅಭ್ಯಾಸಕ್ಕೆ ಎಕ್ಸೆಲ್‌ನಲ್ಲಿ ತಂತ್ರಾಂಶ ಮಾಡಿ ಮಾರುತ್ತಿದ್ದೇನೆ. ಶೀಟಿಗೆ 20 ಅಕ್ಷರದ ಪಾಸ್‌ವರ್ಡ್ ಹಾಕಿದ್ದರೂ ಯಾರೋ ಫಾರ್ಮುಲಾಗಳನ್ನೆಲ್ಲ ಎತ್ತಿಕೊಂಡಿದ್ದಾರೆ. ಇನ್ನೂ ಗಟ್ಟಿ ಪಾಸ್‌ವರ್ಡ್ ಹೇಗಿರಬೇಕು?

ಉತ್ತರ: ಮತ್ತೆ ಅದೇ ಪ್ರಶ್ನೆ! ಪಾಸ್‌ವರ್ಡ್ ಎಷ್ಟೇ ಉದ್ದ ಇರಲಿ, ಕಳ್ಳ ಅದನ್ನು ಊಹಿಸುವ ಗೋಜಿಗೇ ಹೋಗುವುದಿಲ್ಲ. ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲ್ ಅಂದರೆ ಒಂದು ಜಿಪ್ ಗಂಟು. ಬಿಚ್ಚಿದರೆ ಪ್ರತಿ ಶೀಟಿಗೂ ಒಂದು ಎಕ್ಸ್‌ಎಂಎಲ್ ಫೈಲ್, ಅಂದರೆ ಯಾರು ಬೇಕಾದರೂ ತೆರೆದು ತಿದ್ದಬಹುದಾದ ಬರಹದ ಫೈಲ್, ಸಿಗುತ್ತದೆ. ಅದರಲ್ಲಿ 'ಶೀಟ್‌ಪ್ರೊಟೆಕ್ಷನ್' ಅನ್ನುವ ತುಣುಕನ್ನು ಅಳಿಸಿ ಮತ್ತೆ ಗಂಟು ಕಟ್ಟಿದರೆ ಮುಗೀತು. ಎಕ್ಸೆಲ್ 2013ರಿಂದ ಆ ಪಾಸ್‌ವರ್ಡನ್ನು ಎಸ್‌ಎಚ್‌ಎ-512 ಅನ್ನುವ, ಹಿಂದಕ್ಕೆ ಬಿಡಿಸಲಾಗದ ಗೂಢ ಲೆಕ್ಕದಲ್ಲಿ 1 ಲಕ್ಷ ಸುತ್ತು ಅರೆದು ಇಡುತ್ತದೆ, ನಿಜ. ಬಾಗಿಲನ್ನೇ ಕಿತ್ತು ಪಕ್ಕಕ್ಕಿಟ್ಟವನಿಗೆ ಅದರಿಂದ ಏನಾಗಬೇಕು? ಶೀಟ್ ರಕ್ಷಣೆ ಇರುವುದು ಭದ್ರತೆಗಲ್ಲ ಅಂತ ಮೈಕ್ರೋಸಾಫ್ಟೇ ಹೇಳುತ್ತದೆ. ಮಗು ಕೈತಪ್ಪಿ ಫಾರ್ಮುಲಾ ಅಳಿಸದಿರಲಿ ಅಂತ, ಅಷ್ಟೇ. ನನ್ನದೇ ಹಳೆಯ ಶೀಟಿನ ಪಾಸ್‌ವರ್ಡ್ ಮರೆತಾಗ ನಾನೂ ಇದೇ ದಾರಿ ಹಿಡಿದಿದ್ದೆ. ಕಾಫಿ ಆರುವಷ್ಟರಲ್ಲಿ ಕೆಲಸ ಆಗಿತ್ತು.

ಫೈಲ್ ತೆರೆಯುವಾಗಲೇ ಕೇಳುವ ಪಾಸ್‌ವರ್ಡ್ ಬೇರೆ. ಅದು ಇಡೀ ಫೈಲನ್ನು ಎಇಎಸ್ ಅನ್ನುವ ಗೂಢಲಿಪಿ ವಿಧಾನದಲ್ಲಿ ಎನ್‌ಕ್ರಿಪ್ಟ್ ಮಾಡುತ್ತದೆ, ನಿಜವಾದ ಬೀಗ. ಆದರೆ ಕೊಂಡವರಿಗೆ ಕೀಲಿ ನೀವೇ ಕೊಡಬೇಕು ಅಲ್ವಾ?

ಹಾಗಾಗಿ ಬಚ್ಚಿಡಬೇಕಾದ್ದನ್ನು ಶೀಟಿನಲ್ಲಿ ಇಡಲೇಬೇಡಿ. ಪ್ರಶ್ನೆ ಹುಟ್ಟಿಸುವ, ಅಂಕ ಹಾಕುವ ಲೆಕ್ಕ ನಿಮ್ಮ ಸರ್ವರ್‌ನಲ್ಲಿರಲಿ, ಶೀಟು ಬರೀ ಮುಖವಾಗಿರಲಿ. ಇಂಟರ್ನೆಟ್ ಇಲ್ಲದೆಯೂ ನಡೆಯಬೇಕಾ? ಆ ಭಾಗವನ್ನು ಸಿ++ನಲ್ಲಿ ಬರೆದು ಎಕ್ಸ್‌ಎಲ್‌ಎಲ್ ಆಡ್-ಇನ್ (ಎಕ್ಸೆಲ್‌ಗೆ ಹೊರಗಿನಿಂದ ಸೇರಿಸುವ, ಯಂತ್ರಭಾಷೆಗೆ ಇಳಿಸಿದ ತುಣುಕು) ಮಾಡಿ. ಅದನ್ನೂ ಒಡೆಯಬಹುದು, ಆದರೆ ಬೆವರು ಸುರಿಸಬೇಕು. ಜೊತೆಗೆ ಪ್ರತಿ ಪ್ರತಿಯ ಮೇಲೆ ಕೊಂಡವರ ಹೆಸರು ಹಾಕಿ. ಎರಡು ಮೂರು ಫಾರ್ಮುಲಾಗಳಲ್ಲಿ ಕೂಡುವ ಕ್ರಮವನ್ನು ಒಬ್ಬೊಬ್ಬರಿಗೂ ಬೇರೆ ಮಾಡಿ, ಬರೆದಿಟ್ಟುಕೊಳ್ಳಿ. ಉತ್ತರ ಬದಲಾಗುವುದಿಲ್ಲ. ಹೆಸರು ಅಳಿಸಿ ಹಂಚಿದರೂ ಯಾರ ಪ್ರತಿ ಸೋರಿತು ಅಂತ ಗೊತ್ತಾಗುತ್ತದೆ. ನನಗೆ ಪಾಸ್‌ವರ್ಡ್‌ಗಿಂತ ಇದರ ಮೇಲೇ ನಂಬಿಕೆ ಜಾಸ್ತಿ.

ಪ್ರಶ್ನೆ: ಶೀಟನ್ನು 'ವೆರಿ ಹಿಡನ್' (ಮೆನುವಿನಿಂದಲೂ ಕಾಣದಂತೆ) ಮಾಡಿದರೆ ಸಾಕಾ?

ಉತ್ತರ: ಮ್ಯಾಕ್ರೋ ಎಡಿಟರ್ ತೆರೆಯಲು ಬಾರದವರಿಂದ ಬಚ್ಚಿಡಲು ಮಾತ್ರ ಸಾಕು.

ಪ್ರಶ್ನೆ: ವಿಬಿಎ (ಎಕ್ಸೆಲ್‌ನ ಮ್ಯಾಕ್ರೋ ಬರೆಯುವ ಭಾಷೆ) ಕೋಡಿಗೆ ಪಾಸ್‌ವರ್ಡ್ ಹಾಕಿದರೆ?

ಉತ್ತರ: ಹೆಕ್ಸ್ ಎಡಿಟರ್‌ನಲ್ಲಿ (ಫೈಲಿನ ಬೈಟುಗಳನ್ನೇ ನೇರ ತಿದ್ದುವ ತಂತ್ರಾಂಶ) ಒಂದಕ್ಷರ ತಿದ್ದಿದರೆ ಹೋಗುತ್ತದೆ. 'ಯಾರೂ ಒಡೆಯಲಾರದ ಲಾಕ್' ಅಂತ ಇದನ್ನೇ ಮಾರುವವರಿದ್ದಾರೆ, ದುಡ್ಡು ಕೊಡಬೇಡಿ.

ಪ್ರಶ್ನೆ: ಬೇರೆ ಕಂಪ್ಯೂಟರ್‌ನಲ್ಲಿ ತೆರೆದರೆ ಫೈಲ್ ತಾನೇ ಅಳಿಸಿಹೋಗುವಂತೆ ಮ್ಯಾಕ್ರೋ ಬರೆಯಲಾ?

ಉತ್ತರ: ದಯವಿಟ್ಟು ಬೇಡ. ಕಳ್ಳ ಮ್ಯಾಕ್ರೋ ಆಫ್ ಮಾಡಿಯೇ ತೆರೆಯುತ್ತಾನೆ. ದುಡ್ಡು ಕೊಟ್ಟು ಕೊಂಡು, ಆಮೇಲೆ ಕಂಪ್ಯೂಟರ್ ಬದಲಿಸಿದ ಮೇಷ್ಟ್ರು ಸುಮ್ನೆ ಸಿಕ್ಕಿಬೀಳುತ್ತಾರೆ.