‘ಕಲ್ಚರ್’ ಬಂದ ಕಡೆಯೆಲ್ಲ ‘ಸಂಸ್ಕೃತಿ’ ಅಲ್ಲ
ಮಂಡ್ಯದ ರೈತರ ಕೈಪಿಡಿಯಲ್ಲಿ ಬಾಳೆಯ ‘ಟಿಶ್ಯೂ ಕಲ್ಚರ್’ (ಗಿಡದ ಚಿಕ್ಕ ತುಣುಕಿನಿಂದ ಲ್ಯಾಬ್‌ನಲ್ಲಿ ಸಸಿ ಬೆಳೆಸುವುದು) ‘ಬಾಳೆಯ ಅಂಗಾಂಶ ಸಂಸ್ಕೃತಿ’ ಅಂತ ಅನುವಾದವಾಗಿದೆ, ಸರಿಯಾ ಅಂತ ಕೇಳಿದ್ದೀರಿ. ತಪ್ಪು. ನಿಘಂಟಿನಲ್ಲಿ ಮೊದಲು ಸಿಕ್ಕ ಅರ್ಥವನ್ನೇ ಎಲ್ಲ ಕಡೆ ಹಾಕಿದ್ದರಿಂದ ಹೀಗಾಗಿರಬೇಕು. ‘ಕಲ್ಚರ್’ ಪದದ ಲ್ಯಾಟಿನ್ ಮೂಲದ ಅರ್ಥವೇ ಬೇಸಾಯ. ಕಲೆ, ನಡವಳಿಕೆಯ ಅರ್ಥ ಆಮೇಲೆ ಸೇರಿದ್ದು.

ಮೊದಲು ಫೈಲ್‌ನಲ್ಲಿ ‘ಸಂಸ್ಕೃತಿ’ ಅಂತ ಹುಡುಕಿ, ಸಿಕ್ಕ ಕಡೆಯೆಲ್ಲ ಒಮ್ಮೆ ನಿಲ್ಲಿ. ಅಲ್ಲಿ ಏನನ್ನಾದರೂ ಬೆಳೆಸುತ್ತಿದ್ದಾರಾ ನೋಡಿ. ಹೌದಾದರೆ ‘ಕೃಷಿ’ ಹಾಕಿ: ಅಂಗಾಂಶ ಕೃಷಿ, ರೇಷ್ಮೆ ಕೃಷಿ. ಆದರೆ ನಮ್ಮ ಕಡೆ ರೈತರು ‘ಟಿಶ್ಯೂ ಕಲ್ಚರ್ ಬಾಳೆ’ ಅಂತಲೇ ಕೇಳಿ ಸಸಿ ತರುತ್ತಾರೆ, ಅಲ್ವಾ? ಮೊದಲ ಸಲ ಎರಡನ್ನೂ ಬರೆಯಿರಿ. ಆಮೇಲೆ ಅವರ ಮಾತೇ ಸಾಕು.

ಮೊಸರಿನ ವಿಷಯ ಬಂದರೆ ‘ಹೆಪ್ಪು’. ಎಷ್ಟು ಚೆಂದದ ಪದ, ಸುಮ್ನೆ ಬಿಡಬೇಡಿ. ರಕ್ತ, ಮೂತ್ರದ ವಿಷಯವಾದರೆ ‘ಕಲ್ಚರ್ ಪರೀಕ್ಷೆ’ ಅಂತಲೇ ಇರಲಿ. ರೋಗಾಣುವನ್ನು ಬೆಳೆಸಿ ಗುರುತಿಸುವುದು ಅಂತ ಒಂದು ಸಾಲು ಸೇರಿಸಿ.

‘ವರ್ಕ್ ಕಲ್ಚರ್’ಗೆ ಒಂದೇ ಪದ ಹೇಳುವುದು ಕಷ್ಟ. ನಾನು ‘ಕೆಲಸದ ರೀತಿ’ ಅಂತ ಹಾಕಿದ್ದೆ. ನಿಮ್ಮ ವಾಕ್ಯಕ್ಕೆ ಹೊಂದದೆಯೂ ಇರಬಹುದು, ಜೋರಾಗಿ ಓದಿ ನೋಡಿ. ಪೂಜಾ ಕುಣಿತ, ಕೋಲಾಟದಂಥ ಮಾತು ಬಂದ ಕಡೆ ‘ಸಂಸ್ಕೃತಿ’ಯನ್ನು ಮುಟ್ಟಬೇಡಿ.