ಕಡಲ ಹತ್ತಿರದ ಮನೆಗೆ ಮರದ ನೆಲ ಬೇಡ

ಉಷ್ಣವಲಯದ ದೇಶದಲ್ಲಿ, ಕಡಲ ಹತ್ತಿರ ಮನೆ ಕಟ್ಟಿಸುತ್ತಿದ್ದೇನೆ, ವರ್ಷದಲ್ಲಿ ಕೆಲವು ತಿಂಗಳು ಬೀಗ ಹಾಕಿರುತ್ತೇನೆ, ನೆಲಕ್ಕೆ ಮರವೋ ಟೈಲ್ಸೋ ಎಂದು ಕೇಳಿದ್ದೀರಿ. ಟೈಲ್ಸೇ ಹಾಕಿಸಿ. ವಿಟ್ರಿಫೈಡ್ ಟೈಲ್ಸ್ (ಹೆಚ್ಚು ಶಾಖದಲ್ಲಿ ಸುಟ್ಟು ಗಟ್ಟಿ ಮಾಡಿದ ಟೈಲ್ಸ್) ನೀರು ಹೀರುವುದು ತುಂಬಾ ಕಡಿಮೆ, ಗೆದ್ದಲಿನ ಕಾಟವೂ ಇಲ್ಲ. ಫಳಫಳ ಹೊಳೆಯುವುದು ಬೇಡ, ಒದ್ದೆ ಕಾಲಿಗೆ ಜಾರುತ್ತದೆ. ಮ್ಯಾಟ್ ಫಿನಿಶ್ ತೆಗೆದುಕೊಳ್ಳಿ.

ನೀವು ಕೇಳದಿದ್ದರೂ ಅಡುಗೆಮನೆ ಕಪಾಟಿನ ಬಗ್ಗೆ ಹೇಳಲೇಬೇಕು. ದುಡ್ಡು ಹಾಳಾಗುವುದು ಅಲ್ಲೇ ಜಾಸ್ತಿ. ಮರದ ನಾರು, ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಹಲಗೆಗಳು ತೇವ ಕುಡಿದು ಉಬ್ಬುತ್ತವೆ. ಒಮ್ಮೆ ಉಬ್ಬಿದರೆ ಮುಗೀತು, ಒಣಗಿಸಿದರೂ ಮೊದಲಿನಂತಾಗುವುದಿಲ್ಲ. ನೀರು ತಾಳುವ ಮರೈನ್ ಪ್ಲೈವುಡ್ ಅಥವಾ ಅಲ್ಯೂಮಿನಿಯಂ ಕೇಳಿ. ಹೊರಗಿನ ಬಾಗಿಲು, ಕಿಟಕಿಗಳ ಚಿಲಕ, ಸ್ಕ್ರೂಗಳಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಇರಲಿ. ಸಾಮಾನ್ಯವಾಗಿ ಸಿಗುವ 304 ದರ್ಜೆಗೆ ಉಪ್ಪುಗಾಳಿಯಲ್ಲಿ ಬೇಗ ತುಕ್ಕಿನ ಕಲೆ ಬೀಳುತ್ತದೆ. 316ರಲ್ಲಿ ಮಾಲಿಬ್ಡಿನಮ್ ಎಂಬ ಲೋಹ ಇರುವುದರಿಂದ ಹೆಚ್ಚು ತಾಳುತ್ತದೆ.

ಇನ್ನೊಂದು. ಬೀಗ ಹಾಕಿದ ಮನೆಯಲ್ಲಿ ಗಾಳಿ ಆಡದಿದ್ದರೆ ಬೂಷ್ಟು ಗ್ಯಾರಂಟಿ. ಗೋಡೆಯ ಮೇಲ್ಭಾಗದಲ್ಲಿ ಎದುರುಬದುರಾಗಿ, ಸೊಳ್ಳೆ ಜಾಲರಿ ಹಾಕಿದ ಗಾಳಿಕಿಂಡಿ ಬಿಡಿಸಿ. ಹೊರಡುವಾಗ ಕಪಾಟಿನ ಬಾಗಿಲು ತೆರೆದೇ ಇಡಿ. ಸೂರು ಸಾಕಷ್ಟು ಮುಂದೆ ಚಾಚಿರಲಿ. ಮಳೆ ಬರುವಾಗಲೂ ಕಿಟಕಿ ತೆರೆದಿಡಬಹುದು, ಅಲ್ವಾ?